ಚೇಳಿನ ಕೊಂಡಿ

ಮಂಡಕ್ಕಿ ಭಟ್ಟಿಯ ಅಂಗಳದಲ್ಲಿ ಉಚ್ಚಂಗಮ್ಮ ಉಪ್ಪುನೀರು ಚಿಮುಕಿಸಿದ ಅಕ್ಕಿಯನ್ನು ಎರಡೂ ಕೈಯಿಂದ ಹೊಸೆಯುತ್ತಿದ್ದಳು. ಒಲೆಗೆ ಹೊಟ್ಟು ತುಂಬುತ್ತಿದ್ದ ಜೊತೆಗಾರ್ತಿ ಮಾಬೂಬೀ ಮೂಡಲ ದಿಕ್ಕಿಗೆ ನೋಡಿ ಕೈ ನಿಲ್ಲಿಸಿದಳು.

“ಬೆಳ್ಳಿ ಮೂಡೈತೆ ಅಂತ ನನ್ನ ಎಬ್ಬಿಸ್ಕಂಡು ಬಂದ್ಯಲ್ಲಕ್ಕ, ಅದು ಬೆಳ್ಳಿ ಅಲ್ಲ, ಗುರು. ದಾವಣಗೆರೆ ಕೋಳಿ ಒಂದೂ ಎದ್ದಿಲ್ಲ.”

ನಿದ್ದೆಗೆಟ್ಟ ಉಚ್ಚಂಗಮ್ಮನಿಗೆ ಗುರುಗ್ರಹವೇ ಬೆಳ್ಳಿಚುಕ್ಕಿಯಾಗಿ ಕಂಡಿತ್ತು. ಹರಿಹರದ ಕೆಂಚವೀರಪ್ಪನವರು ಅವಳ ಮಗಳು ಹಂಪವ್ವನನ್ನು ಸೊಸೆಯಾಗಿ ಒಪ್ಪಿ, ಹುಡುಗಿಯ ಜನ್ಮನಕ್ಷತ್ರ ಬರೆದು ಕಳಿಸಿ ಎಂದಿದ್ದರು. ಹಂಪವ್ವ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಅಂಥವಳು ಕಾಲಿಟ್ಟರೆ ಮಾವನಿಗೆ ಕೇಡು ಎಂದು ಜನ ಆಡಿಕೊಳ್ಳುತ್ತಿದ್ದರು. ಬೇರೆ ನಕ್ಷತ್ರ ಬರೆದುಬಿಡು, ಯಾರು ನೋಡ್ತಾರೆ ಎಂದು ತಮ್ಮ ರೇವಣ್ಣ ಹೇಳಿದ್ದ. ಉಚ್ಚಂಗಮ್ಮ ರಾತ್ರಿ ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ಕಾರ್ಡು ಬರೆದು, ಆ ಒಂದು ಜಾಗ ಖಾಲಿ ಬಿಟ್ಟು, ಶಿವರಾತ್ರಿಗೂ ಮುಂಚಿನಿಂದ ಬುತ್ತಿಚೀಲದಲ್ಲೇ ಇಟ್ಟುಕೊಂಡಿದ್ದಳು.

“ಅದ್ಯಾವುದು ಆ ಮೂಲಾ? ತೋರ್ಸು ನೋಡಾನ,” ಎಂದಳು ಮಾಬೂಬೀ.

ಹೊಲ ಕಾಯುತ್ತಿದ್ದ ಅಪ್ಪ ಉಚ್ಚಂಗಮ್ಮನಿಗೆ ಅದನ್ನು ಚಿಕ್ಕಂದಿನಲ್ಲಿ ತೋರಿಸಿದ್ದ. ಮಗಳು ಹುಟ್ಟಿದ ಮೇಲೆ ಆ ಕಡೆ ಕಣ್ಣೆತ್ತಿರಲಿಲ್ಲ. ಈಗ ಎತ್ತಿದಳು. ತೆಂಕಣ ಬಾನಿನ ಮೂಲೆಯಲ್ಲಿ ಚುಕ್ಕಿಗಳ ಚೇಳು ಬಾಲ ಸುತ್ತಿಕೊಂಡಿತ್ತು. ಕೊಂಡಿಯ ತುದಿಯಲ್ಲಿ ಒಂದಕ್ಕೊಂದು ಒತ್ತಿ ಕೂತ ಎರಡು ಚುಕ್ಕಿಯನ್ನು, ಅದೇ ಮೂಲಾ ಎಂದು, ಬೆರಳು ಮಾಡಿ ತೋರಿಸಿದಳು.

“ಅಷ್ಟೇನಾ? ಇದು ನಮ್ಮ ತಲಿ ಮ್ಯಾಲೂ ಐತೆ, ಹರಿಹರದೋರ ತಲಿ ಮ್ಯಾಲೂ ಐತೆ. ಆ ಯಜಮಾನ್ರು ಇಷ್ಟು ವರ್ಷ ಇದರ ಕೆಳಗೇ ಮಲಗಿ ಎದ್ದಾರಲ್ಲ, ಏನಾತು?”

ಉಚ್ಚಂಗಮ್ಮನಿಗೆ ನಗು ಬಂತು. ಅಕ್ಕಿ ಹಾಗೇ ಬಿಟ್ಟು ನೋಡುತ್ತ ಕೂತಳು. ಇಷ್ಟು ದಿನ ಅವಳ ಜೀವ ಮಗಳು ಹುಟ್ಟಿದ ರಾತ್ರಿಗೂ ಇನ್ನೂ ಬಾರದ ಮದುವೆಗೂ ಓಡಾಡಿ ದಣಿದಿತ್ತು. ಈ ಹೊತ್ತು ಮಾತ್ರ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಈ ಹೊತ್ತಿನಲ್ಲಿ ತಣ್ಣನೆ ಗಾಳಿಯಿತ್ತು, ಅಂಗೈಯಲ್ಲಿ ಉಪ್ಪಿತ್ತು, ಮನೆಯಲ್ಲಿ ಮಗಳು ನಿದ್ದೆಯಲ್ಲಿದ್ದಳು. ಯಾರಿಗೂ ಏನೂ ಆಗಿರಲಿಲ್ಲ.

ನಿಜವಾದ ಬೆಳ್ಳಿ ಮೂಡುವ ಹೊತ್ತಿಗೆ ಅಕ್ಕಿ ಹುರಿಯುವ ಮರಳು ಕಾದಿತ್ತು. ಚೀಲಗಳಿಗೆ ಗುರುತು ಹಾಕುವ ಪೆನ್ಸಿಲ್ ತುಂಡು ತಂದು, ಒಲೆಯ ಬೆಳಕಿನಲ್ಲಿ ಕಾರ್ಡು ಹಿಡಿದು, ಬಿಟ್ಟ ಜಾಗದಲ್ಲಿ ‘ಮೂಲಾ’ ಎಂದು ಬರೆದಳು.

“ಹರಿಹರದೋರು ಒಲ್ಲೆ ಅಂದ್ರೆ?” ಎಂದಳು ಮಾಬೂಬೀ.

“ಅನ್ನಲಿ ಬಿಡು. ಗೊತ್ತಿದ್ದು ಕರಕೊಳ್ಳೋರ ಮನಿಗೇ ಹೋಗ್ಲಿ ನನ್ನ ಮಗಳು.”

ಮೊದಲ ಒಬ್ಬೆ ಹುರಿದು ಮುಗಿದ ಮೇಲೆ ಬೀದಿ ಕೊನೆಯ ಅಂಚೆ ಡಬ್ಬಿಗೆ ಹೋದಳು. ಕಾರ್ಡು ತಳಕ್ಕೆ ಬಿದ್ದ ಸದ್ದು ಕೇಳಿತು. ಬೆರಳಿನ ಉಪ್ಪನ್ನು ಸೆರಗಿಗೆ ಒರೆಸಿಕೊಂಡು ಮೇಲೆ ನೋಡಿದಳು. ಬೆಳಕಾಗಿತ್ತು, ಒಂದು ಚುಕ್ಕಿಯೂ ಕಾಣಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳಿಗೆ ಬಾಯಿ ತುಂಬ ಆಕಳಿಕೆ ಬಂತು.