ಸುರಗಿಯ ದಿನದ ಫೋನು

ನನಗೆ ಬಾಯಿ ಜಾಸ್ತಿ ಅಂತ ಚಿಂಚೋಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇರಲಿ, ಸುಳ್ಳಲ್ಲ. ಆದರೆ ನಮ್ಮ ನಾಗರತ್ನಾಳ ಸುರಗಿಯ ದಿನ ಆಡಿದ ಎರಡು ಮಾತಿಗೆ ಮಾತ್ರ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ನಾಗರತ್ನಾ ನನ್ನ ಅಣ್ಣನ ಮಗಳು, ದನದ ಡಾಕ್ಟರು. ಬಸ್ ಸ್ಟ್ಯಾಂಡ್ ಹಿಂದೆ ಅವಳದೇ ದವಾಖಾನೆ. ಮದುವೆಯ ಹಿಂದಿನ ದಿನ ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಅವಳನ್ನು ಕೂರಿಸಿ ಅರಿಸಿನ ಹಚ್ಚುತ್ತಿದ್ದೆವು. ಸುರಗಿ ನೀರು ಹಾಕುವ ತನಕ ಮದುಮಗಳು ನೂಲು ದಾಟುವಂತಿಲ್ಲ. ಕೈತುಂಬ ಅರಿಸಿನವಾದ್ದರಿಂದ ಫೋನನ್ನು ನನಗೆ ಕೊಟ್ಟಿದ್ದಳು.

"ಅತ್ತಿ, ಮೌಲಾಲಿ ಕುದುರಿ ಸಲುವಾಗಿ ಫೋನ್ ಬಂದ್ರ ಲಗೂನ ಹೇಳು. ನಾ ಎದ್ದು ಹೋಗ್ತೀನಿ."

ಮೌಲಾಲಿ ಚಿಮ್ಮನಚೋಡದವನು. ಮದುವೆ ಮೆರವಣಿಗೆಗೆ ಕುದುರೆ ತರುತ್ತಾನೆ. ಅವನ ಗಂಡು ಕುದುರೆ ಬಾದಲ್ ಹೋದ ವರ್ಷ ಹೊಟ್ಟೆನೋವಿಂದ ಸತ್ತಿತು. ಅದು ಬದುಕಿದ್ದಾಗ ವೀರ್ಯ ತೆಗೆಸಿ, ಸಣ್ಣ ಕೊಳವೆಯಂಥ ಕಡ್ಡಿಗಳಲ್ಲಿ ಹೆಪ್ಪುಗಟ್ಟಿಸಿ, ದವಾಖಾನೆಯ ನೈಟ್ರೋಜನ್ ಡಬ್ಬದಲ್ಲಿ ಇಡಿಸಿದ್ದ. ಎರಡು ಸಲ ಹಾಕಿಸಿದರೂ ಅವನ ಹೆಣ್ಣು ಕುದುರೆ ಗಬ್ಬ ಕಟ್ಟಿರಲಿಲ್ಲ. ಮತ್ತೆ ಬೆದೆಗೆ ಬಂದ ಅದನ್ನು ತಂದು ದವಾಖಾನೆಯಲ್ಲೇ ಕಟ್ಟಿದ್ದ; ವೀರ್ಯ ಇನ್ನೊಂದು ಸಲಕ್ಕಾಗುವಷ್ಟೇ ಉಳಿದಿತ್ತು. ಅದೂ ಹೋದರೆ ಬಾದಲ್‌ನ ವಂಶ ಅಲ್ಲಿಗೆ ಮುಗಿಯಿತು.

ಹತ್ತು ಗಂಟೆಗೆ ಫೋನು ಬಂತು. ದವಾಖಾನೆಯ ಹೊಸ ಡಾಕ್ಟರು ಸಂಘಪಾಲ.

"ಸ್ಕ್ಯಾನ್ ಮಾಡೀನ್ರಿ, ಕುದುರಿ ಹೊಟ್ಟ್ಯಾಗ ತತ್ತಿ ಬಿದ್ದದ. ಆರು ತಾಸಿನ ಒಳಗ ಹಾಕಬೇಕು. ಕುದುರಿಗಿ ನಾ ಒಮ್ಮೆನೂ ಹಾಕಿಲ್ಲ, ಮೇಡಂಗ ಕಳಿಸ್ರಿ."

"ಹೊಂಟಾಳ, ಬರ್ತಾಳ" ಅಂದೆ.

ಅವಳ ಕಿವಿಗೆ ಹಾಕಲೇ ಇಲ್ಲ. ಆಗಷ್ಟೇ ಬೀಗರ ಕಡೆಯ ಹೆಂಗಸರು ಬಂದು ಕೂತಿದ್ದರು. ಮದುಮಗಳು ಎದ್ದು ಹೋಗಿ ಕುದುರೆಯ ಹಿಂದೆ ಭುಜದ ತನಕ ಕೈ ಹಾಕಿ ನಿಂತರೆ ಏನಂದಾರು? ನಲವತ್ತು ವರ್ಷ ದನ ಕಟ್ಟಿದವಳು ನಾನು. ಬೆಳಿಗ್ಗೆ ಆಕಳು ಬೆದೆಗೆ ಬಂದರೆ ಸಂಜೆಗೆ ಗಬ್ಬದ ಸೂಜಿ, ಒಮ್ಮೆಯೂ ತಪ್ಪಿಲ್ಲ. ಕುದುರೆಗೇನು ಕೋಡು ಬಂದಿದೆಯೇ, ಕಾಯಲಿ ಅಂದುಕೊಂಡೆ.

ಅರ್ಧ ತಾಸಿಗೆ ಮತ್ತೆ ಅವನದೇ ಫೋನು. "ಎಲ್ಲಿ ಅದಾರ್ರಿ?"

"ನಿಮ್ಮ ಬಾಗಿಲಿಗೇ ಬಂದಿರಬೇಕು ನೋಡಪ್ಪ" ಅಂದು ಇಟ್ಟೆ.

ಅವಳು ಬಂದೇಬಿಟ್ಟಳೆಂದು ಆ ಹುಡುಗ ಕಡ್ಡಿಗಳನ್ನು ತೆಗೆದು ಬೆಚ್ಚಗಿನ ನೀರಿಗೆ ಹಾಕಿದ. ಒಮ್ಮೆ ಕರಗಿದರೆ ಮುಗಿಯಿತು, ಮತ್ತೆ ಹೆಪ್ಪುಗಟ್ಟಿಸಲು ಬರುವುದಿಲ್ಲವಂತೆ, ಕೂಡಲೇ ಹಾಕಬೇಕಂತೆ. ಒಂದೊಂದು ಬೈಕಿನ ಸದ್ದಿಗೂ ಬಾಗಿಲಿಗೆ ಓಡಿ ನೋಡಿದ್ದಾನೆ. ಕೊನೆಗೆ ಧೈರ್ಯ ಮಾಡಿ ತಾನೇ ಹಾಕಲು ಹೊರಟು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಒಂದು ವೀರ್ಯಾಣುವೂ ಮಿಸುಕಲಿಲ್ಲ.

ಇಲ್ಲಿ ಸುರಗಿ ನೀರು ಹಾಕಿ ಮುಗಿದಾಗ ಒಂದು ಗಂಟೆ. ಆಗ ಹೇಳಿದೆ. ನಾಗರತ್ನಾ ಫೋನಿನಲ್ಲಿ ಎರಡು ಕರೆಗಳನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಒದ್ದೆ ಕೂದಲಲ್ಲೇ ದವಾಖಾನೆಗೆ ಓಡಿದಳು. ಅಲ್ಲಿ ಮೌಲಾಲಿಯ ಮುಂದೆ ತಪ್ಪೆಲ್ಲ ತನ್ನದೇ ಎಂದಳಂತೆ. ಅವನು "ಮದಿವಿ ಮನಿ, ಇರ್ಲಿ ಬಿಡ್ರಿ ಮೇಡಂ" ಎಂದನಂತೆ. ಇದೆಲ್ಲ ನನಗೆ ಆಮೇಲೆ ಸಂಘಪಾಲ ಹೇಳಿದ್ದು.

ಮರುದಿನ ಮದುಮಗನ ಮೆರವಣಿಗೆಗೆ, ಒಪ್ಪಿಕೊಂಡಂತೆ, ಅದೇ ಕುದುರೆಯನ್ನು ಸಿಂಗರಿಸಿಕೊಂಡು ಮೌಲಾಲಿ ಬಂದ. ನಾನು ಹತ್ತಿರ ಹೋದೆ.

"ಮೌಲಾಲಿ, ನಾಗರತ್ನಾಂದು ತಪ್ಪಿಲ್ಲಪ್ಪ. ಫೋನ್ ನನ್ನ ಕೈಯಾಗ ಇತ್ತು. ಬರ್ತಾಳ ಅಂದಾಕಿ ನಾನೇ."

ಅವನು ಜೀನು ಬಿಗಿಯುತ್ತಿದ್ದ. "ಬರಂಗಿಲ್ಲ ಅಂತ ಗೊತ್ತಿತ್ತೇನ್ರಿ ಅವ್ವ?"

"ಗೊತ್ತಿತ್ತು."

ಅವನು ಜೀನು ಬಿಗಿದು ಮುಗಿಸಿದ. ಮದುಮಗನಿಗೆ ಕೈ ಕೊಟ್ಟು ಕುದುರೆ ಹತ್ತಿಸಿದ, ಲಗಾಮು ಹಿಡಿದು ಊರೆಲ್ಲ ಮೆರವಣಿಗೆ ಮಾಡಿಸಿದ, ಮಂಟಪದ ಮುಂದೆ ಮೆಲ್ಲಗೆ ಇಳಿಸಿದ. ಊಟಕ್ಕೆ ನಾನೇ ಹೋಗಿ ಕರೆದೆ. "ಆಗ್ಯಾದ್ರಿ" ಅಂದ. ಆಗಿರಲಿಲ್ಲ, ನನಗೆ ಗೊತ್ತು. ಅವತ್ತು ಸಾವಿರ ಮಂದಿ ಉಂಡು ಹೋದರು. ಅವನು ನಮ್ಮ ಮನೆಯ ನೀರನ್ನೂ ಮುಟ್ಟದೆ ಕುದುರೆ ಹಿಡಿದುಕೊಂಡು ಊರಿಗೆ ನಡೆದ.