ಬಿಚ್ಚದ ಮುಷ್ಟಿ

ಮುಷ್ಟಿ, ಅದೇ, ಕಿಟಕಿ ಪಕ್ಕದ ಆ ಹೆಂಗಸಿನ ಬಲಗೈ ಮುಷ್ಟಿ, ಬಸ್ಸು ಹತ್ತಿದಾಗಿನಿಂದ ನೋಡುತ್ತಿದ್ದಾನೆ, ಬಿಚ್ಚಿಲ್ಲ, ಹಣೆಯ ಮೇಲೆ ಬೆವರು, ಗಳಿಗೆಗೊಮ್ಮೆ ಉಗುಳು ನುಂಗುತ್ತಾಳೆ, ಚೆಕಿಂಗ್ ಇನ್ಸ್‌ಪೆಕ್ಟರನ ಕಣ್ಣಿಗೆ ಇನ್ನೇನು ಬೇಕು, ಅಂಗೈ ಹುಣ್ಣಿಗೆ ಕನ್ನಡಿಯೇ, ಟಿಕೆಟ್ ಇಲ್ಲದವರನ್ನು ಹಿಡಿಯಲು ಟಿಕೆಟ್ ಕೇಳಬೇಕಾಗಿಲ್ಲ, ಮೈಯೇ ಹೇಳಿಬಿಡುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಸಾಕು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ, ಡಿಪೋದಲ್ಲಿ ಹೊಸಬರಿಗೆ ಅವನು ಕಲಿಸುವ ಮೊದಲ ಪಾಠವೇ ಅದು, ಬಾಯಿ ಸುಳ್ಳು ಹೇಳುತ್ತೆ ಕಣ್ರಯ್ಯಾ, ಬೆವರು ಹೇಳಲ್ಲ — ಹಾಗಾದರೆ ಅವನ ಬೆವರು? ಬೆಳಗಿನ ತಂಪು ಇನ್ನೂ ಇದೆ, ಅಂಗಿ ಮಾತ್ರ ಬೆನ್ನಿಗೆ ಅಂಟಿಕೊಂಡಿದೆ, ಎದೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಶುರುವಾಯಿತು, ಮತ್ತೆ ಶುರುವಾಯಿತು, ಈ ಮೈ ಏನೋ ಬಚ್ಚಿಟ್ಟಿದೆ, ಟಿಕೆಟ್ ಇಲ್ಲದೆ ಯಾವುದೋ ಕಾಯಿಲೆ ಒಳಗೆ ಹತ್ತಿ ಕೂತಿದೆ, ಡಾಕ್ಟರಮ್ಮನಿಗೆ ಅದು ಗೊತ್ತು, ಗೊತ್ತಿದ್ದೂ ಹೇಳುತ್ತಿಲ್ಲ. ಇಸಿಜಿ ಚೆನ್ನಾಗಿದೆ, ರಕ್ತ ಚೆನ್ನಾಗಿದೆ, ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕ, ಎಂದು ಎಷ್ಟು ಸಲೀಸಾಗಿ ಅಂದರು, ಪಾಸು ಮನೇಲೇ ಬಿಟ್ಟು ಬಂದೆ ಸಾರ್ ಅನ್ನುವವರೂ ಹೀಗೇ ಸಲೀಸಾಗಿ ಅನ್ನುತ್ತಾರೆ. ಹೆದರಿದಾಗ ಮೈ ಓಡೋಕೆ ಸಿದ್ಧ ಆಗುತ್ತೆ, ಅದಕ್ಕೇ ಎದೆ ಜೋರಾಗಿ ಹೊಡ್ಕೊಳ್ಳೋದು, ನೀವು ಗಬಗಬ ಉಸಿರು ತಗೋತೀರ, ಅದು ಅತಿಯಾದ್ರೆ ಬೆರಳು ಜುಮ್ಮನ್ನುತ್ತೆ, ಸೆಟೆದುಕೊಳ್ಳುತ್ತೆ, ಅದನ್ನ ನೋಡಿ ಇನ್ನೂ ಹೆದರ್ತೀರ, ಅಷ್ಟೇ. ಅಷ್ಟೇ ಅಂತೆ. ಹೊರಗೆ ಬಿಡೋ ಉಸಿರು ಉದ್ದ ಇರ್ಲಿ, ಬಿಸಿ ಕಾಫಿ ಆರಿಸೋ ಹಾಗೆ. ಕಾಫಿ ಆರಿಸುವುದನ್ನು ಕಲಿಯಲು ಅಷ್ಟು ದೊಡ್ಡ ಆಸ್ಪತ್ರೆ ಬೇಕಿತ್ತೇ, ಮತ್ತೆ ಹೆಂಡತಿ, ನೀವು ಹೊರಗೆ ಕೂತಿರಿ ಬಂದೆ ಅಂದು ಒಳಗೇ ಉಳಿದಳಲ್ಲ, ಏನು ಕೇಳಿದೆ ಅಂದರೆ ನಿಮ್ಮ ಗೊರಕೆ ವಿಷಯ ಅಂದಳು, ಗೊರಕೆಗೆ ಯಾರ ಕಣ್ಣಾದರೂ ಕೆಂಪಗಾಗುತ್ತದೆಯೇ, ಅವತ್ತಿನಿಂದ ಅಡುಗೆಗೆ ಉಪ್ಪು ಕಡಿಮೆ, ತಂಗಿಯ ಹತ್ತಿರ ಫೋನಿನಲ್ಲಿ ಪಿಸಪಿಸ, ಅವನು ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿ ಬಿಸಿಲು ಹೇಗಿದೆಯೇ ಅನ್ನುವ ಮಾತು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳು ಎಲ್ಲರೂ, ಸಾಯುವವನಿಗೆ ಸಾಯುತ್ತೀಯ ಅಂತ ಹೇಳಲು ಒಬ್ಬರಿಗೂ ಧೈರ್ಯವಿಲ್ಲ.

ಇರಲಿ, ಮೊದಲು ಆ ಮುಷ್ಟಿ. ಕಂಬದಿಂದ ಕಂಬಕ್ಕೆ ಕೈ ಬದಲಿಸುತ್ತಾ ಮುಂದೆ ಹೋಗುತ್ತಾನೆ, ನೆಲ ಹತ್ತಿಯ ಹಾಗೆ ಮೆತ್ತಗಾಗಿದೆ, ನಾಲಿಗೆ ಒಣಗಿದೆ, ಟಿಕೆಟ್ ತೋರಿಸಮ್ಮ, ಇದೆ ಸಾರ್, ಇದೆ ಅಂದ್ರೆ ತೋರಿಸು, ಕೈಯಲ್ಲೇ ಇದೆ ಸಾರ್, ಬಿಚ್ಚು ಹಾಗಾದ್ರೆ. ಅವಳು ತನ್ನ ಮುಷ್ಟಿಯನ್ನು ಯಾರದೋ ಕೈ ನೋಡುವಂತೆ ನೋಡಿದಳು, ಬಿಚ್ಚೋಕೆ ಆಗ್ತಿಲ್ಲ ಸಾರ್, ಬೆರಳು ಹಿಡ್ಕೊಂಡ್ಬಿಟ್ಟಿದೆ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು, ಒಳ್ಳೆ ನಾಟಕ, ಇಳಿಸೋಣವಾ ಸಾರ್ ಅಂದ ಕಂಡಕ್ಟರನ ಸೀಟಿ ಆಗಲೇ ತುಟಿಯ ಮೇಲೆ, ಹೂಂ ಅನ್ನಬೇಕು, ಇಷ್ಟು ವರ್ಷ ಅಂದಿರುವ ಹೂಂ, ಕಂಬ ಬಿಟ್ಟು ಬಾಗಿಲ ಕಡೆ ಕೈ ತೋರಿಸಿದರೆ ಮುಗಿಯಿತು — ಕೈ ಬರುತ್ತಿಲ್ಲ. ಕಂಬ ಹಿಡಿದ ಬೆರಳು ಬಿಡುತ್ತಿಲ್ಲ, ಜುಮ್ಮೆನ್ನುತ್ತಿದೆ, ಮರಗಟ್ಟಿದೆ, ಇದೇ ಕೊನೆ, ಇಲ್ಲೇ, ಇಷ್ಟು ಜನರ ಮುಂದೆ, ಹೆಂಡತಿಗೆ ಯಾರು ಫೋನ್ ಮಾಡುತ್ತಾರೆ, ಅವನಿಗೆ ನಿಜಕ್ಕೂ ಅಳು ಬಂತು. ತನ್ನ ಕೈ ನೋಡಿದ, ಅವಳ ಕೈ ನೋಡಿದ, ಅದೇ ಸೆಟೆತ, ಅದೇ ಒಳಗೆ ಮಡಚಿಕೊಂಡ ಬೆರಳುಗಳು, ಅವಳ ಎದೆಯೂ ಏರಿಳಿಯುತ್ತಿದೆ, ಗಬಗಬ, ಅವನದರ ಹಾಗೇ. ಸೆಟೆದುಕೊಳ್ಳುತ್ತೆ ಅಂದಿದ್ದರಲ್ಲ ಡಾಕ್ಟರಮ್ಮ. ನೋಡಿಯೇಬಿಡೋಣ, ಅವರ ಸುಳ್ಳು ಇಲ್ಲೇ ಬಯಲಾಗಲಿ, ಈ ಹೆಂಗಸಿನ ಮೇಲೇ. ಅಮ್ಮಾ, ಉಸಿರು ಎಳ್ಕೋಬೇಡಿ, ಬಿಡಿ, ಉದ್ದಕ್ಕೆ, ಬಿಸಿ ಕಾಫಿ ಆರಿಸೋ ಹಾಗೆ. ಏನ್ ಸಾರ್? ಹೀಗೆ, ಅಂತ ಅವನೇ ತುಟಿ ಚೂಪು ಮಾಡಿ ಊದಿ ತೋರಿಸಿದ, ಬಸ್ಸಿಗೆ ಬಸ್ಸೇ ನಕ್ಕಿತು, ನಗಲಿ, ಇನ್ನೊಮ್ಮೆ, ಪಾದ ನೆಲಕ್ಕೆ ಒತ್ತಿ, ಹಾಂ, ಇನ್ನೊಮ್ಮೆ, ಪೆಟ್ರೋಲ್ ಬಂಕು ಹೋಯಿತು, ಸಿಗ್ನಲ್ ಬಂತು, ಹಸಿರಾಯಿತು, ಇಬ್ಬರೂ ಊದುತ್ತಲೇ ಇದ್ದರು, ಎಂಥ ಮರ್ಯಾದೆಗೇಡು, ಅಷ್ಟರಲ್ಲಿ ಅವಳ ಕಿರುಬೆರಳು ಅಲ್ಲಾಡಿತು, ಆಮೇಲೆ ಅದರ ಪಕ್ಕದ್ದು, ನಿಧಾನಕ್ಕೆ ಮುಷ್ಟಿ ತೆರೆದುಕೊಂಡಿತು, ಒದ್ದೆ ಮುದ್ದೆಯಾದ ಟಿಕೆಟ್, ಇವತ್ತಿನದೇ, ಸರಿಯಾದ ನಿಲ್ದಾಣದ್ದೇ.

ಅವನ ಕೈಯೂ ಕಂಬ ಬಿಟ್ಟಿತ್ತು, ಯಾವಾಗಲೋ ಗೊತ್ತಿಲ್ಲ. ಹಾಗಾದರೆ ನಿಜ, ಇಸಿಜಿಯೂ ನಿಜ, ಹೆಂಡತಿಯ ಕಣ್ಣು ಕೆಂಪಗಾದದ್ದು ಅವನು ಸಾಯುತ್ತಾನೆ ಅಂತಲ್ಲ, ಹೆದರುತ್ತಾನೆ ಅಂತ, ಪಾಪ, ಅಷ್ಟನ್ನು ಅವನಿಗೇ ಹೇಳಲು ಹೆದರಿದ್ದಾಳೆ, ಬದುಕಿದೆಯಾ ಬಡಜೀವವೇ, ಈ ಮೈ ಏನನ್ನೂ ಕದ್ದಿಲ್ಲ, ಹೆದರಿದೆ ಅಷ್ಟೇ, ಎದೆ ಹೊಡೆದುಕೊಂಡ ಮಾತ್ರಕ್ಕೆ, ಬೆವರಿದ ಮಾತ್ರಕ್ಕೆ, ಕೈ ಬಿಚ್ಚದ ಮಾತ್ರಕ್ಕೆ ಯಾರೂ — ಯಾರೂ? ಮೊನ್ನೆ ಸೇತುವೆ ದಾಟಿದ ಮೇಲೆ ಒಬ್ಬ ಅಜ್ಜನನ್ನು ಇಳಿಸಿದನಲ್ಲ, ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದ, ಮಾತೇ ಹೊರಡುತ್ತಿರಲಿಲ್ಲ, ಬಿಚ್ಚಯ್ಯ ಕೈ ಅಂದರೆ ಬಿಚ್ಚಲಿಲ್ಲ, ಬಿಚ್ಚಲಿಲ್ಲ ಅಂತ ಇಳಿಸಿದ, ಬಸ್ಸು ಹೊರಟಾಗ ಮುದುಕ ಹಿಂದೆ ನಾಲ್ಕು ಹೆಜ್ಜೆ ಓಡಿ ಬಂದ, ಕೈ ಮೇಲೆತ್ತಿ ಅಲ್ಲಾಡಿಸಿದ, ನೋಡಿ ಸಾರ್ ನಮ್ಗೇ ಗುದ್ದು ತೋರಿಸ್ತಾನೆ, ಎಂದು ಕಂಡಕ್ಟರ್ ನಕ್ಕ, ಅವನೂ ನಕ್ಕ, ಹೊಟ್ಟೆ ಹಿಡಿದು ನಕ್ಕ, ಗುದ್ದಲ್ಲ ಅದು, ಇದೆ ಅಂತ, ಇದರೊಳಗೇ ಇದೆ ಅಂತ — ಹಿಂದಿನ ಗಾಜಿನಲ್ಲಿ, ಧೂಳಿನ ನಡುವೆ, ಚಿಕ್ಕದಾಗುತ್ತಾ, ಆ ಎತ್ತಿದ ಕೈ, ಆ ಮುಷ್ಟಿ, ಆ ಮುಷ್ಟಿ