ಮನೆಯ ಲೆಕ್ಕಕ್ಕೆ ಸೇರದ್ದು

"ಇನ್ನೇನಾದ್ರೂ ಉಳೀತಾ ಅಮ್ಮಾ?" ಎಂದು ಸೋಲಾರ್ ಕೆಲಸದವನು ಕೇಳಿದ. "ಮನೇದನ್ನೆಲ್ಲ ಹೇಳಿಬಿಡಿ. ನಾಳೆ ಕರೆಂಟ್ ಹೋದಾಗ ಬ್ಯಾಟರಿ ಕೈಕೊಟ್ರೆ ನನ್ನನ್ನೇ ಬೈತೀರಿ."

ಆಕೆ ಬೆರಳು ಮಡಿಸುತ್ತ ಮತ್ತೊಮ್ಮೆ ಹೇಳಿದಳು. ಫ್ಯಾನು, ದೀಪ, ಫ್ರಿಜ್ಜು, ಮಿಕ್ಸಿ. "ಅಷ್ಟೇ ಕಣಪ್ಪಾ. ಇಬ್ಬರ ಸಂಸಾರ."

"ಹಾಗಾದ್ರೆ ಚಿಕ್ಕ ಬ್ಯಾಟರಿ ಧಾರಾಳ ಆಯ್ತು" ಎಂದು ಅವನು ಎದ್ದ.

ಆಗಲೇ ಕರೆಂಟ್ ಹೋಯಿತು. ಒಳಕೋಣೆಯಲ್ಲಿ ಏನೋ ಕುಯ್ಯೆಂದು ಕೂಗತೊಡಗಿತು. ಆಕೆ ಓಡಿದಳು. ಮಂಚದ ಮೇಲೆ ದಿಂಬಿಗೊರಗಿದ್ದ ಗಂಡ ಭುಜ ಎತ್ತೆತ್ತಿ ಉಸಿರೆಳೆಯುತ್ತಿದ್ದ. ಮೂಗಿನ ನಳಿಗೆಯ ತುದಿಯನ್ನು ಯಂತ್ರದಿಂದ ಕಿತ್ತು ಪಕ್ಕದ ಸಿಲಿಂಡರಿಗೆ ಸಿಕ್ಕಿಸಹೋದಳು. ಮೊದಲ ಸಲ ತಪ್ಪಿತು; ಮತ್ತೆ ಒತ್ತಿ ಕೂರಿಸಿದಳು.

ಕೆಲಸದವನು ಬಾಗಿಲಲ್ಲಿ ನಿಂತಿದ್ದ. "ಅಮ್ಮಾ, ಈ ಆಕ್ಸಿಜನ್ ಮೆಷೀನು ಹೇಳಲೇ ಇಲ್ಲವಲ್ಲ?"

"ಅದು ಮನೇದಲ್ಲ, ಬಾಡಿಗೇದು. ಇವರು ಹುಷಾರಾದ ಮೇಲೆ ವಾಪಸ್ ಕೊಡೋದು."

"ಬಾಡಿಗೇದಾದ್ರೆ ಕರೆಂಟ್ ತಿನ್ನಲ್ವಾ? ನೀವು ಹೇಳಿದ್ದೆಲ್ಲ ಸೇರಿದ್ರೂ ಇದೊಂದರಷ್ಟು ಆಗಲ್ಲ. ರಾತ್ರಿಯೆಲ್ಲ ಓಡಬೇಕಾ?"

"ದೇವರು ದೊಡ್ಡವನು..."

"ದೇವರು ದೊಡ್ಡವನೇ ಅಮ್ಮಾ. ಬ್ಯಾಟರಿ ಚಿಕ್ಕದಾಗಬಾರದು."

ಗಂಡನಿಗೆ ನಗು ಬಂತು. ನಗು ಕೆಮ್ಮಿಗೆ ತಿರುಗಿತು. "ನಾನೂ ಬಾಡಿಗೆಯವನೇ ಕಣಯ್ಯಾ. ನನ್ನನ್ನೂ ಲೆಕ್ಕಕ್ಕೆ ಹಿಡೀಬೇಡ."

"ಬಿಡ್ತು ಅನ್ನಿ!" ಎಂದು ಆಕೆ ಗದರಿದಳು.

ಕರೆಂಟ್ ಬಂದು ಯಂತ್ರ ಮತ್ತೆ ಗುಂಯ್ಗುಟ್ಟಿತು. ನಳಿಗೆಯನ್ನು ಅದಕ್ಕೇ ಸೇರಿಸಿ ಆಕೆ ಹೊರಗೆ ಬಂದಾಗ ಕೆಲಸದವನು ದನಿ ತಗ್ಗಿಸಿದ. "ದೊಡ್ಡ ಬ್ಯಾಟರಿ ಹತ್ತು ವರ್ಷ ಬಾಳಿಕೆ ಬರುತ್ತೆ. ನಾಲ್ಕು ದಿನದ ಮಾತಾದ್ರೆ ದಂಡ. ಈ ಮೆಷೀನು ಎಷ್ಟು ದಿನ ಬೇಕಾಗಬಹುದು?"

ಆ ಪ್ರಶ್ನೆಯನ್ನು ಆಕೆ ವೈದ್ಯರ ಬಳಿಯೂ ಎತ್ತಿರಲಿಲ್ಲ. ಯಂತ್ರ ಮನೆಯದೆಂದು ಒಪ್ಪಿದರೆ ಕಾಯಿಲೆಯೂ ಮನೆಯದಾಗುತ್ತದೆಂದು ಹೆದರಿದ್ದಳು. ಒಪ್ಪದೆ ಚಿಕ್ಕದನ್ನೇ ಹಾಕಿಸಿ, ಯಾವುದೋ ರಾತ್ರಿ ತನಗೆ ಎಚ್ಚರವಾಗದೆ ಹೋದರೆ? ಒಳಗಿನಿಂದ ಉಸಿರಿನ ಸದ್ದು ಬರುತ್ತಿತ್ತು. ಒಂದು ಉಸಿರು ತಡವಾಯಿತು. ಅದು ಬರುವ ತನಕ ಕಾದು ನಿಂತಳು.

"ದೊಡ್ಡದೇ ಹಾಕಪ್ಪಾ" ಎಂದಳು. "ಹತ್ತು ವರ್ಷದ್ದೇ."

"ಹಾಗಾದ್ರೆ ಪ್ಯಾನೆಲ್ಲೂ ಜಾಸ್ತಿ ಬೇಕು. ಜಾಗ ಸಾಲುತ್ತೋ ಇಲ್ವೋ ನೋಡೋಣ, ಮೇಲಕ್ಕೆ ಬನ್ನಿ."

ತಾರಸಿಯಲ್ಲಿ ಬಿಸಿಲು ಸುಡುತ್ತಿತ್ತು. ಟೇಪಿನ ತುದಿಯನ್ನು ಆಕೆಯ ಕೈಗೆ ಕೊಟ್ಟು ಅವನು ನೀರಿನ ಟ್ಯಾಂಕಿನವರೆಗೆ ಎಳೆದುಕೊಂಡು ಹೋದ. ಆಕೆ ಕುಕ್ಕರಗಾಲಲ್ಲಿ ಕುಳಿತು ಅದನ್ನು ಎರಡೂ ಹೆಬ್ಬೆರಳುಗಳಿಂದ ನೆಲಕ್ಕೆ ಒತ್ತಿ ಹಿಡಿದಳು.

"ಸಾಲುತ್ತೆ! ಬಿಡಿ ಅಮ್ಮಾ, ಆಯ್ತು" ಎಂದು ಅವನು ಆ ತುದಿಯಿಂದ ಕೂಗಿದ.

ಆಕೆ ಬಿಡಲಿಲ್ಲ.